ಕನಸಿನೊಳಗಿನ ಎಚ್ಚರ

(ರಾಯಚೂರಿನಲ್ಲಿ ಶ್ರಾವಣ ಮಾಸದ ಪ್ರವಚನದ ಸಮಾರೋಪದಂದು ದಯಪಾಲಿಸಿದ ಆಶೀರ್ವಚನ)



ಈ ತಿಂಗಳು ರಾಯಚೂರು ನಗರದಿಂದಲೂ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದಲೂ ಬಂದ ಭಕ್ತರು ಕನಸಿನ ವಿಷಯವಾಗಿ ನಮ್ಮನ್ನು ಹಲವು ಸಲ ಕೇಳಿದ್ದಾರೆ. ಕನಸು ನೆನಪಿನಲ್ಲಿ ಉಳಿಯುವುದಿಲ್ಲವೇಕೆ? ಕನಸು ಕಾಣುತ್ತಿರುವಾಗಲೇ ಇದು ಕನಸೆಂದು ತಿಳಿಯಬಹುದೆ? ತಿಳಿದರೆ ಪ್ರಯೋಜನವೇನು? ಈ ಪ್ರಶ್ನೆಗಳು ಚಿಕ್ಕವಲ್ಲ. ಜನಕರಾಜನು ಯಾಜ್ಞವಲ್ಕ್ಯರನ್ನು ಇಂಥ ಪ್ರಶ್ನೆಗಳನ್ನೇ ಕೇಳಿದ.

ಮಾಂಡೂಕ್ಯವು 12 ಮಂತ್ರಗಳ ಕಿರಿಯ ಉಪನಿಷತ್ತು. ಎಚ್ಚರದಲ್ಲಿರುವ ಆತ್ಮನನ್ನು ಅದು ವೈಶ್ವಾನರನೆಂದೂ ಕನಸಿನಲ್ಲಿರುವವನನ್ನು ತೈಜಸನೆಂದೂ ಗಾಢನಿದ್ರೆಯಲ್ಲಿರುವವನನ್ನು ಪ್ರಾಜ್ಞನೆಂದೂ ಕರೆಯುತ್ತದೆ. ತೈಜಸನೆಂದರೆ ಬೆಳಕಿನವನು. ವಿಚಾರ ಮಾಡಿರಿ: ಕೋಣೆ ಕತ್ತಲು, ಕಣ್ಣು ಮುಚ್ಚಿದೆ, ಸೂರ್ಯನಿಲ್ಲ, ದೀಪವಿಲ್ಲ. ಆದರೂ ಕನಸಿನಲ್ಲಿ ಹೊಲ ಕಾಣುತ್ತದೆ, ಹೊಳೆ ಕಾಣುತ್ತದೆ, ಸತ್ತವರೂ ಕಾಣುತ್ತಾರೆ. ಆ ಬೆಳಕು ಯಾವುದು? ಅದು ನಿಮ್ಮೊಳಗಿನದೇ. ಕನಸಿನ ವಿಚಾರದಿಂದ ನಾವು ಕಲಿಯಬೇಕಾದ ಮೊದಲ ಪಾಠ ಇದು.

ಈಗ ಮರೆವಿನ ಪ್ರಶ್ನೆ. “ಅಪ್ಪಾವರೆ, ನನಗ ಕನಸೇ ಬೀಳಂಗಿಲ್ರಿ” ಎನ್ನುವವರಿದ್ದಾರೆ. ಬೀಳುತ್ತವೆ, ನೆನಪು ಉಳಿಯುವುದಿಲ್ಲ, ಅಷ್ಟೆ. 1953ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ನಿದ್ರೆಯಲ್ಲಿ ರೆಪ್ಪೆಯೊಳಗೆ ಕಣ್ಣು ವೇಗವಾಗಿ ಹೊರಳಾಡುವ ಸಮಯವೊಂದಿದೆಯೆಂದು ಪ್ರಕಟಿಸಿದರು. ಆಗ ಎಬ್ಬಿಸಿ ಕೇಳಿದರೆ ಹೆಚ್ಚಿನವರು ಕನಸನ್ನು ಹೇಳುತ್ತಾರೆ. ಈ ಸಮಯ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ; ಬೆಳಗಾಗುತ್ತ ಬಂದಂತೆ ಉದ್ದವಾಗುತ್ತದೆ. ನಸುಕಿನ ಕನಸು ನಿಜವಾಗುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಿಜವಾಗುವ ಮಾತು ಹಾಗಿರಲಿ, ಅದು ನೆನಪಿನಲ್ಲಿ ಉಳಿಯುತ್ತದೆ ಎಂಬುದಂತೂ ಸತ್ಯ.

ನೆನಪಿಡುವ ಉಪಾಯ ಸುಲಭ. ಎಚ್ಚರವಾದ ಕೂಡಲೇ ಏಳಬೇಡಿರಿ, ಮಗ್ಗುಲು ಬದಲಿಸಬೇಡಿರಿ, ಮೊಬೈಲಿಗೆ ಕೈ ಚಾಚಬೇಡಿರಿ. ಕಣ್ಣು ಮುಚ್ಚಿಕೊಂಡೇ ಕೊನೆಗೆ ಕಂಡದ್ದನ್ನು ಹಿಡಿದು ಹಿಂದಕ್ಕೆ ಸಾಗಿರಿ. ಕಳೆದ ಎತ್ತನ್ನು ಹೆಜ್ಜೆಗುರುತು ನೋಡಿ ಹುಡುಕುವುದಿಲ್ಲವೆ, ಹಾಗೆ. ಆಮೇಲೆ ಎರಡು ಸಾಲು ಬರೆದಿಡಿರಿ. ಬರಹ ಬಾರದವರು ಮನೆಯವರಿಗೆ ಹೇಳಿರಿ. ಮಲಗುವ ಮುನ್ನ ‘ನೆನಪಿಡುತ್ತೇನೆ’ ಎಂದು ಸಂಕಲ್ಪ ಮಾಡಿರಿ. ಒಂದು ಮಾತು: ಸೆರೆ ಕುಡಿದು ಮಲಗಿದವನಿಗೆ ಕನಸಿನ ನಿದ್ರೆಯೇ ಕೆಡುತ್ತದೆ; ಕೊನೆಯ ಜಾವದಲ್ಲಿ ಕೆಟ್ಟ ಕನಸು ಬಿದ್ದು ಬೆವರುತ್ತಾನೆ. ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಬಂದಾಗ ಎದ್ದು ಹೊಲಕ್ಕೆ ನೀರು ಕಟ್ಟುವ ರೈತನೂ ಶಕ್ತಿನಗರದಲ್ಲಿ ರಾತ್ರಿ ಪಾಳಿ ದುಡಿಯುವವನೂ ಮೊದಲು ನಿದ್ರೆಯನ್ನು ತುಂಬಿಕೊಳ್ಳಲಿ. ಕನಸಿಗಾಗಿ ನಿದ್ರೆಗೆಡುವುದು ಬೀಜದ ಜೋಳವನ್ನು ಕುಟ್ಟಿ ತಿಂದಂತೆ.

ಕನಸಿನಲ್ಲಿಯೇ ಕನಸನ್ನು ತಿಳಿಯಬಹುದೆ? ತಿಳಿಯಬಹುದು. 1975ರಲ್ಲಿ ಇಂಗ್ಲೆಂಡಿನ ಹಲ್ ಎಂಬ ಊರಿನಲ್ಲಿ ಕೀತ್ ಹರ್ನ್ ಎಂಬವರು ಇದನ್ನು ಪರೀಕ್ಷಿಸಿದರು. ಕನಸಿನ ಹೊತ್ತಿನಲ್ಲಿ ಕೈಕಾಲು ಸಡಿಲಾಗಿ ಅಲುಗದಿದ್ದರೂ ಕಣ್ಣು ಅಲುಗುತ್ತದೆ. ಆದ್ದರಿಂದ ಮಲಗಿದವನು ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಬಲಕ್ಕೆ ಹೊರಳಿಸಿ, ಕನಸಿನೊಳಗಿನಿಂದ ಸನ್ನೆ ಕಳಿಸಿದ. ಯಂತ್ರ ಅದನ್ನು ಬರೆದುಕೊಂಡಿತು. ತಿಬೆಟ್ಟಿನ ಬೌದ್ಧರಲ್ಲಿ ಸ್ವಪ್ನಯೋಗವೆಂಬ ಸಾಧನೆಯೇ ಇದೆ. ಪತಂಜಲಿ ಮಹರ್ಷಿಗಳೂ ಸಮಾಧಿಪಾದದಲ್ಲಿ ಸ್ವಪ್ನದ ಜ್ಞಾನವನ್ನು ಮನಸ್ಸು ನಿಲ್ಲುವುದಕ್ಕೆ ಒಂದು ಆಲಂಬನವೆಂದು ಒಪ್ಪಿದ್ದಾರೆ. ಅಭ್ಯಾಸ ಮಾಡುವವರು ಹಗಲಿನಲ್ಲಿ ನಾಲ್ಕಾರು ಸಲ ‘ಇದು ಎಚ್ಚರವೋ ಕನಸೋ’ ಎಂದು ನಿಂತು ಕೇಳಿಕೊಳ್ಳಬೇಕು. ಹಗಲಿನ ರೂಢಿ ರಾತ್ರಿಗೂ ಬರುತ್ತದೆ. ತಿಳಿವು ಮೂಡಿದಾಗ ಹಿಗ್ಗಬಾರದು. ಹಿಗ್ಗಿದರೆ ನಿದ್ರೆ ಹಾರುತ್ತದೆ. ಮನಸ್ಸು ಕೆಟ್ಟು ವೈದ್ಯರ ಉಪಚಾರದಲ್ಲಿರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ದೇವದುರ್ಗದ ಕಡೆಯ ಒಬ್ಬ ತಾಯಿ ನಮ್ಮ ಬಳಿ ಬಂದಿದ್ದಳು. ದುಡಿಯಲು ದೂರದ ಪಟ್ಟಣಕ್ಕೆ ಹೋದ ಮಗ ಹಿಂದಿರುಗಲಿಲ್ಲ. ಅವನ ಹೆಣ ಬಂತು. “ಅಪ್ಪಾವರೆ, ಮಗ ಕನಸಿನ್ಯಾಗ ಬರ್ತಾನ್ರಿ. ಎಚ್ಚರಾದ್ರ ಮಾರಿ ಮಾಯ ಆಗ್ತೈತ್ರಿ. ಹಿಡಕೊಳ್ಳೋದು ಹ್ಯಾಂಗ್ರಿ?” ಎಂದಳು. ಮಗ ಪ್ರೇತವಾಗಿ ಅಲೆಯುತ್ತಿದ್ದಾನೆ, ಶಾಂತಿ ಮಾಡಿಸಬೇಕು ಎಂದು ಯಾರೋ ಅವಳಿಂದ ಹಣ ಕೇಳಿದ್ದರು. ಅವಳು ದೀಪ ಹಚ್ಚುವ ಹೊತ್ತಿಗೇ ಉಣ್ಣದೆ ಮಲಗಿ ಕನಸಿನ ದಾರಿ ಕಾಯುತ್ತಿದ್ದಳು. ಮನೆಯಲ್ಲಿ ಸೊಸೆ, ಎಳೆಯ ಮೊಮ್ಮಗಳು.

ನಾವು ಅವಳಿಗೆ ಹೇಳಿದ್ದು ಇಷ್ಟು: ತಾಯಿ, ನಿನ್ನ ಮಗ ಲಿಂಗೈಕ್ಯನಾಗಿದ್ದಾನೆ. ನಮ್ಮ ಧರ್ಮದಲ್ಲಿ ಪ್ರೇತವೆಂಬ ಮಾತಿಲ್ಲ. ಒಂದು ರೂಪಾಯಿಯನ್ನೂ ಕೊಡಬೇಡ. ಕನಸಿನಲ್ಲಿ ಬರುವುದು ನಿನ್ನ ಪ್ರೀತಿಯೇ ಹೊತ್ತ ರೂಪ, ಅದಕ್ಕೆ ಅಂಜಬೇಡ. ಕನಸೆಂದು ಅಲ್ಲಿಯೇ ತಿಳಿದರೆ ಅವನನ್ನು ಹಿಡಿಯಲು ಹೋಗಬೇಡ, ಹೇಳಲು ಉಳಿದ ಮಾತನ್ನು ಹೇಳಿ ಹರಸಿ ಕಳಿಸು. ಆದರೆ ಹಗಲನ್ನು ರಾತ್ರಿಗೆ ಒತ್ತೆ ಇಡಬೇಡ. ಅವನ ಮಗಳು ಹಗಲಿನಲ್ಲಿಯೇ ಇದ್ದಾಳೆ, ಅವಳ ಮುಖ ಎಚ್ಚರದಲ್ಲಿಯೇ ಕಾಣುತ್ತದೆ. ಅವಳಿಗೆ ಉಣ್ಣಿಸಿ, ನೀನೂ ಉಂಡು ಮಲಗು.

ಕನಸಿನಲ್ಲಿ ಕೊಪ್ಪರಿಗೆ ಕಂಡಿತೆಂದು ಹಳೆಯ ಗುಡಿಯ ಬುಡ ಅಗೆಯುವವರೂ ಕಂಡದ್ದನ್ನು ಅಂಕಿ ಮಾಡಿ ಮಟ್ಕಾ ಆಡುವವರೂ ಕೇಳಿರಿ. ಕನಸು ನಿಮ್ಮ ಆಸೆಯನ್ನು ತೋರಿಸಿತು, ನಿಧಿಯನ್ನಲ್ಲ.

ಹಾಗಾದರೆ ಕನಸೆಲ್ಲ ವ್ಯರ್ಥವೆ? ಅಲ್ಲ. ಮಹಾದೇವಿಯಕ್ಕ ತನ್ನ ಕನಸನ್ನು ಇನ್ನೊಬ್ಬ ಅಕ್ಕನಿಗೆ ಹೇಳುವ ವಚನವಿದೆ. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರಿಗೆ ಪುರಂದರದಾಸರು ಕನಸಿನಲ್ಲಿ ಅಂಕಿತವಿತ್ತರೆಂದು ದಾಸ ಪರಂಪರೆ ನಂಬುತ್ತದೆ. ಅವರ ಮಾರ್ಗ ಬೇರೆ, ನಮ್ಮ ಮಾರ್ಗ ಬೇರೆ. ಆದರೂ ಒಂದನ್ನು ನೋಡಿರಿ. ಆ ಬಡವರು ಎದ್ದು, ಕನಸು ಮತ್ತೆ ಬೀಳಲೆಂದು ಮಲಗಲಿಲ್ಲ. ಬದುಕಿರುವತನಕ ಹಾಡಿದರು, ಶಿಷ್ಯರನ್ನು ಬೆಳೆಸಿದರು. ಕನಸಿನ ಬೆಲೆ ಗೊತ್ತಾಗುವುದು ಎಚ್ಚರದ ಕಾಯಕದಲ್ಲಿ.

ನಮ್ಮ ಶಾಸ್ತ್ರ ಸ್ಥೂಲ ತನುವಿಗೆ ಇಷ್ಟಲಿಂಗ, ಸೂಕ್ಷ್ಮ ತನುವಿಗೆ ಪ್ರಾಣಲಿಂಗ, ಕಾರಣ ತನುವಿಗೆ ಭಾವಲಿಂಗ ಎನ್ನುತ್ತದೆ. ಕನಸು ಸೂಕ್ಷ್ಮ ತನುವಿನ ವ್ಯಾಪಾರ. ಮಲಗಿದಾಗಲೂ ಲಿಂಗ ಎದೆಯ ಮೇಲೆಯೇ ಇರುತ್ತದೆ. ಅದರ ಅರಿವು ಒಳಗೂ ಇರಬೇಕೆಂಬುದೇ ಅದರ ಅರ್ಥ. ಮುಂಜಾನೆ ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿದವನ ಮನಸ್ಸು ರಾತ್ರಿಯೂ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಕನಸಿನಲ್ಲಿ ‘ಇದು ಕನಸು’ ಎಂದು ತಿಳಿಯುವುದು ಒಳ್ಳೆಯದು. ಹಗಲಿನಲ್ಲಿ ಸಿಟ್ಟು ಬಂದಾಗ ‘ಇದು ಸಿಟ್ಟು’ ಎಂದು, ಆಸೆ ಎಳೆದಾಗ ‘ಇದು ಆಸೆ’ ಎಂದು ತಿಳಿಯುವುದು ಅದಕ್ಕಿಂತ ಒಳ್ಳೆಯದು. ಆ ಅರಿವನ್ನು ಪರಮಾತ್ಮನು ನಿಮ್ಮೆಲ್ಲರಿಗೂ ಕರುಣಿಸಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹಾಡುತ್ತೇವೆ.