ಕಲ್ಲು ತೆಗೆಯುವುದಕ್ಕೂ ಒಂದು ನೇಮ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಭೂಮಾಪನದ ಕೆಲಸದಲ್ಲಿ ಆಯುಷ್ಯವನ್ನು ಕಳೆದವನು ನಾನು. ಗಡಿಕಲ್ಲು, ಗುಂಡಿ, ದಿಣ್ಣೆಗಳ ವಿಷಯವನ್ನು ಬಿಟ್ಟು ಬೇರೇನನ್ನು ಹೇಳಬಲ್ಲೆ? ಆದರೆ ಆ ವಿಷಯ ನಿಮ್ಮ ಮನೆಬಾಗಿಲಿನದೇ ಆಗಿರುವುದರಿಂದ ಸ್ವಲ್ಪ ಹೊತ್ತು ಕಿವಿಗೊಡಬೇಕೆಂದು ಬೇಡುತ್ತೇನೆ.

ರಾಯದುರ್ಗದ ಸೀಮೆಯಲ್ಲಿ ನೇಮಕಲ್ಲು ಎಂಬ ಊರಿರುವುದು ನಿಮಗೆಲ್ಲ ತಿಳಿದಿದೆ. ಶ್ರಾವಣ ಮಾಸದಲ್ಲಿ ಕಸಾಪುರ, ಮುರಡಿ, ನೇಮಕಲ್ಲು ಈ ಮೂರು ಕ್ಷೇತ್ರಗಳ ಆಂಜನೇಯನನ್ನು ಒಂದೇ ದಿನದಲ್ಲಿ ದರ್ಶಿಸುವ ವಾಡಿಕೆ ನಮ್ಮವರಲ್ಲಿದೆ. ಊರಿನ ಹೆಸರಿನ ಮೂಲ ಏನೇ ಇರಲಿ, ನೇಮವೆಂದರೆ ಕಟ್ಟುಪಾಡು. ಕಲ್ಲಿನ ಜೊತೆಗೆ ನೇಮವೂ ಇರಬೇಕೆಂಬುದನ್ನೇ ನಾನು ಇಂದು ಅರಿಕೆ ಮಾಡಿಕೊಳ್ಳಬೇಕೆಂದಿರುವುದು.

ಗರಸು ಬೇಡವೆಂದು ಹೇಳುವವನು ನಾನಲ್ಲ. ನೀವು ನಡೆದು ಬಂದ ರಸ್ತೆ, ಈ ಶಾಲೆಯ ತಳಪಾಯ, ಕೆರೆಯ ಏರಿ, ಎಲ್ಲವೂ ಗರಸು ಜಲ್ಲಿಗಳಿಂದಲೇ ಆದವು. ಅಗೆಯುವವರಿಗೆ ಕೂಲಿ ಸಿಕ್ಕುತ್ತದೆ. ಸರ್ಕಾರಕ್ಕೆ ರಾಜಧನ ಸಲ್ಲುತ್ತದೆ. ಆದರೆ ಗರಸು ಮುಗಿದ ದಿನ ಲಾರಿಗಳು ಹೊರಟುಹೋಗುತ್ತವೆ. ಗುಂಡಿ ಮಾತ್ರ ಊರಿನ ಪಾಲಿಗೆ ಉಳಿಯುತ್ತದೆ.

ಅಂಥ ಒಂದು ಗುಂಡಿಯನ್ನು ನಾನು ಮರೆಯಲಾರೆ. ನನ್ನ ಬಾಲ್ಯದಲ್ಲಿ, ಒಳ್ಳೆಯ ಮಳೆಯಾದ ಒಂದು ವರ್ಷ, ಊರ ಹೊರಗಿನ ಗರಸಿನ ಗುಂಡಿ ತುಂಬಿತು. ನನ್ನ ಪಕ್ಕದಲ್ಲಿ ಕುಳಿತು ಓದುತ್ತಿದ್ದ ಹುಡುಗನು ಎಮ್ಮೆಗೆ ನೀರು ಕುಡಿಸಲು ಹೋದನು. ಕೆರೆಯಾದರೆ ದಂಡೆಯಿಂದ ಮೆಲ್ಲಮೆಲ್ಲನೆ ಆಳವಾಗುತ್ತದೆ. ಈ ಗುಂಡಿಯ ಅಂಚನ್ನೋ ಗೋಡೆಯಂತೆ ನೆಟ್ಟಗೆ ಕಡಿದಿದ್ದರು. ಕಾಲು ಜಾರಿದವನಿಗೆ ಹಿಡಿಯಲು ಏನೂ ಸಿಗಲಿಲ್ಲ. ಮರುದಿನ ಗುರುಗಳು ಹಾಜರಿ ಕೂಗುವಾಗ ಅವನ ಹೆಸರಿನ ಹತ್ತಿರ ನಿಂತುಬಿಟ್ಟರು. ಮುಂದೆ ನಾನು ಅಳೆದ ಪ್ರತಿಯೊಂದು ಗುಂಡಿಯ ಅಂಚಿನಲ್ಲಿಯೂ ಆ ಮೌನವೇ ನನಗೆ ನೆನಪಾಗುತ್ತಿತ್ತು.

ಇಂಥದನ್ನು ತಡೆಯಲು ನೇಮಗಳಿಲ್ಲವೇ? ಇವೆ. 1957ರ ಗಣಿ ಮತ್ತು ಖನಿಜಗಳ ಕಾಯಿದೆಯು ಗರಸನ್ನು ಕಟ್ಟಡದ ಕಲ್ಲಿನೊಡನೆ ಉಪಖನಿಜಗಳ ಸಾಲಿಗೆ ಸೇರಿಸಿ, ಅವುಗಳ ಆಡಳಿತವನ್ನು ರಾಜ್ಯಗಳಿಗೆ ಒಪ್ಪಿಸಿತು. ಅದರಂತೆ ಆಂಧ್ರಪ್ರದೇಶವು 1966ರಲ್ಲಿ ತನ್ನ ನಿಯಮಾವಳಿಯನ್ನು ರಚಿಸಿತು. ಗಣಿಗಳ ಸುರಕ್ಷತೆಗಾಗಿ 1961ರಲ್ಲಿ ಮಾಡಿದ ನಿಯಮಗಳಲ್ಲಿ ಗರಸು, ಜೇಡಿಗಳಂಥ ಸಡಿಲ ನೆಲಕ್ಕೆ ಸ್ಪಷ್ಟವಾದ ಅಳತೆಯನ್ನೇ ಕೊಟ್ಟರು. ಗುಂಡಿಯ ಪಕ್ಕವು 45 ಡಿಗ್ರಿಗಿಂತ ಕಡಿದಾಗಿರಕೂಡದು. ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಅಗೆಯಬೇಕು. ಮೆಟ್ಟಿಲಿನ ಎತ್ತರ ಒಂದೂವರೆ ಮೀಟರನ್ನು ಮೀರಬಾರದು, ಅಗಲವು ಎತ್ತರಕ್ಕಿಂತ ಕಡಿಮೆಯಿರಬಾರದು. ಮಕ್ಕಳೇ, ರೇಖಾಗಣಿತದಿಂದ ಏನು ಪ್ರಯೋಜನವೆಂದು ಕೇಳುತ್ತೀರಲ್ಲ! ಈ ಒಂದು ಕೋನವನ್ನು ಪಾಲಿಸಿದ್ದರೆ ನನ್ನ ಗೆಳೆಯನು ಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದನೋ ಏನೋ.

ಚಿಕ್ಕ ಗುಂಡಿಯೆಂದು ಕಡೆಗಣಿಸುವ ಅಭ್ಯಾಸಕ್ಕೂ ತಡೆ ಬಿತ್ತು. 2012ರ ಫೆಬ್ರವರಿ 27ರಂದು ಸರ್ವೋಚ್ಚ ನ್ಯಾಯಾಲಯವು, ಐದು ಹೆಕ್ಟೇರಿಗಿಂತ ಚಿಕ್ಕದಾದ ಉಪಖನಿಜದ ಗುತ್ತಿಗೆಗಳಿಗೂ ಪರಿಸರದ ಅನುಮತಿ ಬೇಕೆಂದು ಆಜ್ಞಾಪಿಸಿತು. 2020ರ ಜನವರಿ 8ರಂದು ಇನ್ನೂ ಒಂದು ಮಾತನ್ನು ಹೇಳಿತು: ಗಣಿ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವಿಗೂ ಗಿಡಮರ ಪ್ರಾಣಿಗಳಿಗೂ ಅದು ಯೋಗ್ಯವಾಗಬೇಕು. ಮಳೆಯನ್ನು ಕಾಯುತ್ತ, ಹಗರಿಯ ದಂಡೆಯಿಂದ ಗಾಳಿ ಹೊತ್ತು ತರುವ ಮರಳಿನೊಡನೆ ಹೆಣಗುತ್ತ ಬಾಳುವ ಈ ಸೀಮೆಯ ದನಕಾಯುವವನಿಗೆ ಹುಲ್ಲಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನೇಮವಿದ್ದೂ ಅಳೆಯುವವರಿಲ್ಲದಿದ್ದರೆ ಏನಾಗುತ್ತದೆ? ಅದಕ್ಕೂ ನಾವು ದೂರ ಹೋಗಬೇಕಾಗಿಲ್ಲ. ಕಬ್ಬಿಣದ ಅದಿರಿನ ಓಬಳಾಪುರವು ಇದೇ ರಾಯದುರ್ಗದ ಸೀಮೆಯಲ್ಲಿ, ಬಳ್ಳಾರಿಯ ಗಡಿಗೆ ಅಂಟಿಕೊಂಡಿದೆ. ಆ ಗುಡ್ಡಗಳಲ್ಲಿ ರಾಜ್ಯದ ಗಡಿಯ ಗುರುತೇ ವಿವಾದಕ್ಕೊಳಗಾಯಿತು. ಸುಗ್ಗಲಮ್ಮನ ಹಳೆಯ ಗುಡಿಯೂ 2006ರಲ್ಲಿ ನೆಲಸಮವಾಯಿತು. ಕೊನೆಗೆ 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲಿಯೂ ನಿಂತಿತು. ಆಮೇಲೆ ನಡೆದದ್ದು ಅಳತೆಯ ಕೆಲಸ. 166 ಗುತ್ತಿಗೆಗಳನ್ನು ಸ್ಥಳದಲ್ಲಿ ಅಳೆದು, ಮೇರೆ ಮೀರಿದ ಪ್ರಮಾಣವನ್ನು ನೋಡಿ ಮೂರು ವರ್ಗಗಳಾಗಿ ವಿಂಗಡಿಸಿದರು. ಹೆಚ್ಚು ಮೀರಿದ ಸುಮಾರು 50 ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಿಂದ ರದ್ದಾದವು. ಉಳಿದವರು ನೆಲವನ್ನು ಸುಧಾರಿಸುವ ಯೋಜನೆಗೆ ಕಟ್ಟುಬೀಳಬೇಕಾಯಿತು. ಮಣ್ಣಿನ ರಾಶಿ ಜಾರದಂತೆ ತಡೆಗೋಡೆ, ಹಳ್ಳಗಳಿಗೆ ಚಿಕ್ಕ ಅಡ್ಡಕಟ್ಟೆ, ಬೋಳು ದಿಣ್ಣೆಗಳ ಮೇಲೆ ಗಿಡ, ಇವು ಆ ಯೋಜನೆಯ ಅಂಗಗಳಾಗಿದ್ದವು. ಮೊದಲೇ ಅಳೆದಿದ್ದರೆ ಇಷ್ಟು ಜನರ ಕೂಲಿ ನಿಲ್ಲುತ್ತಿರಲಿಲ್ಲ, ಇಷ್ಟು ಗುಡ್ಡವೂ ಕರಗುತ್ತಿರಲಿಲ್ಲ.

ಹಾಗಾದರೆ ತನಿಖೆ ಯಾರದು? ಅಧಿಕಾರಿಗಳದು; ಅದರಲ್ಲಿ ಸಂದೇಹವಿಲ್ಲ. ಆದರೆ ಅಧಿಕಾರಿಯು ಬಂದು ಹೋಗುವವನು. ಅವನು ನೋಡುವುದು ಒಂದು ಹಗಲು. ಊರು ನೋಡುವುದು ವರ್ಷವೆಲ್ಲ. ಮೇಲ್ಮಣ್ಣನ್ನು ಬೇರೆಯಾಗಿ ಕೂಡಿಟ್ಟರೋ ಅಥವಾ ಗರಸಿನೊಡನೆ ಅದನ್ನೂ ಸಾಗಿಸಿದರೋ, ಗಡಿಕಲ್ಲು ನಿಂತಲ್ಲೇ ಇದೆಯೋ ಅಥವಾ ರಾತ್ರಿ ನಡೆದಾಡಿತೋ, ಗುಂಡಿಗೆ ಬೇಲಿ ಹಾಕಿದರೋ ಇಲ್ಲವೋ, ಇದನ್ನೆಲ್ಲ ಬಲ್ಲವರು ಊರಿನವರೇ. ನಾನು ಗುಂಡಿ ಅಳೆಯಲು ಹೋದಾಗಲೆಲ್ಲ ನಕ್ಷೆಯನ್ನು ಬಿಚ್ಚುವುದಕ್ಕೆ ಮೊದಲು ಅಲ್ಲಿಯ ಕುರಿ ಕಾಯುವ ಮುದುಕನನ್ನು ಮಾತನಾಡಿಸುತ್ತಿದ್ದೆ. ನಕ್ಷೆ ತಪ್ಪು ಹೇಳಿದ್ದುಂಟು. ಮುದುಕ ತಪ್ಪು ಹೇಳಿದ್ದು ಅಪರೂಪ.

ಪೋಷಕರಲ್ಲಿ ನನ್ನದೊಂದು ವಿಜ್ಞಾಪನೆ. ಗುತ್ತಿಗೆಗೆ ಭೂಮಿಯನ್ನು ಕೊಡುವಾಗ ಬಾಡಿಗೆ ಎಷ್ಟೆಂದು ಕೇಳಿದಷ್ಟೇ ಗಟ್ಟಿಯಾಗಿ, ಹಿಂದಕ್ಕೆ ಹೇಗೆ ಕೊಡುತ್ತೀರಿ ಎಂದೂ ಕೇಳಿರಿ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ಅನುಮತಿಯ ಷರತ್ತುಗಳನ್ನು ಕಚೇರಿಯಲ್ಲಿ ಕೇಳಿ ಪಡೆಯುವ ಹಕ್ಕನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯು ನಿಮಗೆ ಕೊಟ್ಟಿದೆ. ಅದು ನಿಮಗೆ ಓದಲು ಬಾರದ ಭಾಷೆಯಲ್ಲಿದ್ದರೆ ನಾಚಬೇಡಿರಿ. ಓದಿ ಹೇಳಲು ಮನೆಯಲ್ಲಿ ಮಕ್ಕಳಿದ್ದಾರೆ.

ಮಕ್ಕಳೇ, ನೀವು ಗುಂಡಿಯ ಹತ್ತಿರ ಹೋಗಬೇಡಿರಿ. ನೀರು ತುಂಬಿದಾಗಲಂತೂ ಸುತರಾಂ ಕೂಡದು. ಆದರೆ ಅಳೆಯುವುದನ್ನು ಕಲಿಯಿರಿ, ಕನ್ನಡದ ಜೊತೆಗೆ ತೆಲುಗು, ಇಂಗ್ಲಿಷುಗಳ ಕಾಗದವನ್ನು ಓದುವುದನ್ನು ಕಲಿಯಿರಿ. ನಾಳೆ ನಿಮ್ಮಲ್ಲಿ ಕೆಲವರು ಗರಸು ತೆಗೆಯುವ ಗುತ್ತಿಗೆದಾರರಾಗಬಹುದು, ಕೆಲವರು ತನಿಖೆಗೆ ಬರುವ ಅಧಿಕಾರಿಗಳಾಗಬಹುದು. ಯಾರೇ ಆಗಿರಿ, ಗರಸು ಮುಗಿದಾಗ ಕೆಲಸ ಮುಗಿಯಿತೆಂದು ತಿಳಿಯಬೇಡಿರಿ. ಆ ನೆಲದಲ್ಲಿ ಎಮ್ಮೆಯೊಂದು ನಿರ್ಭಯವಾಗಿ ಮೇಯುವಂತಾದ ದಿನವೇ ಅದು ಮುಗಿದಂತೆ.