ಟ್ರಾಲಿಯ ಜಂಗು ತೆಗೆಯುವ ಮೊದಲು ತಗಡಿನ ದಪ್ಪ ನೋಡಿರಿ

(ಸಭಾಸದರ ಮೇಳಾವದಲ್ಲಿ ನಮ್ಮ ಕಾರ್ಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಎಂದಿನಂತೆ ಬೀಜೋಪಚಾರ, ಗೊಬ್ಬರದ ಪ್ರಮಾಣ, ಕೂಳೆ ಕಬ್ಬಿನ ನಿಗಾ ಎಂದು ನಾನು ಮಾತು ಶುರು ಮಾಡುವೆನೆಂದು ತಾವು ತಿಳಿದಿರಬಹುದು. ಇಂದು ಹೇಳಬೇಕಾದದ್ದು ಬೇರೆ. ಕಬ್ಬು ಸಾಗಿಸುವ ವಾಹನಗಳ ಕರಾರು, ನೋಂದಣಿ ಎಲ್ಲವೂ ನಮ್ಮ ಶೇತಕಿ ಕಚೇರಿಯಲ್ಲಿಯೇ ಆಗುತ್ತವೆ. ಆದ್ದರಿಂದ ಕಾಟಾದ ಮೇಲೆ ಬರುವ ಟ್ರಾಲಿಗಳ ಸ್ಥಿತಿ ನಮ್ಮ ಕಣ್ಣಿಗೆ ಬೀಳುತ್ತದೆ. ಮೇಲೆ ಹೊಸ ಬಣ್ಣ, ದೇವರ ಹೆಸರು, ಹೂವಿನ ಚಿತ್ರ. ಕೆಳಗೆ ಬಗ್ಗಿ ನೋಡಿದರೆ ಬೆರಳಿಗೆ ಪದರು ಪದರಾಗಿ ಉದುರುವ ಜಂಗು. ಹತ್ತಾರು ಟನ್ ಕಬ್ಬು ಹೇರಿಕೊಂಡು ರಾತ್ರಿ ರಸ್ತೆಯಲ್ಲಿ ಬರುವ ಟ್ರಾಲಿಯ ಡ್ರಾಬಾರ್ ಮುರಿದರೆ ಹಿಂದೆ ಬರುವ ಮೋಟರ್ ಸೈಕಲ್ಲಿನವನ ಗತಿ ಏನು?

ಹಂಗಾಮು ಮುಗಿದಿದೆ. ಮೃಗದ ಮಳೆಗೆ ಇನ್ನೂ ಸಮಯವಿದೆ. ಹಳೆಯ ಬಣ್ಣ, ಜಂಗು ತೆಗೆದು ಹೊಸದಾಗಿ ಬಣ್ಣ ಕೊಡಲು ಇಂಥ ಒಣ ಬಿಸಿಲಿನ ದಿನಗಳು ವರ್ಷದಲ್ಲಿ ಮತ್ತೆ ಸಿಗುವುದಿಲ್ಲ.

ನಮ್ಮ ಟ್ರಾಲಿಗಳಿಗೆ ಜಂಗು ಇಷ್ಟು ಬೇಗ ಏಕೆ ಹತ್ತುತ್ತದೆ? ಕಬ್ಬಿನ ರಸ ಸ್ವಭಾವತಃ ಸ್ವಲ್ಪ ಆಮ್ಲೀಯ. ಅದರ ಪಿ.ಎಚ್. 5ರಿಂದ 5.5ರ ಆಸುಪಾಸು ಇರುತ್ತದೆ. ಟ್ರಾಲಿಯ ತಳದಲ್ಲಿ ಸೋರಿದ ರಸ ಹುಳಿತ ಮೇಲೆ ಆಮ್ಲ ಮತ್ತಷ್ಟು ಹೆಚ್ಚುತ್ತದೆ. ಅದೇ ಟ್ರಾಲಿಯಲ್ಲಿ ಬೇಸಿಗೆಗೆ ಗೊಬ್ಬರ ತರುತ್ತೇವೆ. ಮ್ಯುರೇಟ್ ಆಫ್ ಪೊಟ್ಯಾಶ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ಸೋದರ. ಹರಿದ ಚೀಲದಿಂದ ಸಂದಿಗೆ ಬಿದ್ದ ಒಂದು ಮುಷ್ಟಿ ಪೊಟ್ಯಾಶ್ ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಜಂಗು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಅದಕ್ಕೇ ಮೇಲಿನ ಬಣ್ಣ ಗುಳ್ಳೆಯೆದ್ದು ಒಡೆಯುತ್ತದೆ.

ಇದನ್ನು ತೆಗೆಯುವ ದಾರಿ ಹಲವು. ಯಾವುದು ಎಲ್ಲಿಗೆ ಎಂಬುದನ್ನು ಗ್ಯಾರೇಜಿನವನ ಬಳಿ ಇರುವ ಯಂತ್ರ ನಿರ್ಧರಿಸಬಾರದು, ತಗಡಿನ ದಪ್ಪ ನಿರ್ಧರಿಸಬೇಕು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಟ್ರಾಲಿಯ ಚಾಸಿ, ಡ್ರಾಬಾರ್, ಅಡ್ಡಪಟ್ಟಿಗಳು ದಪ್ಪ ಕಬ್ಬಿಣ. ತಳದ ತಗಡು ಸಾಮಾನ್ಯವಾಗಿ 3 ಮಿ.ಮೀ. ಅಥವಾ ಅದಕ್ಕೂ ಹೆಚ್ಚು. ಇಲ್ಲಿ ಗ್ರೈಂಡರ್ ಧಾರಾಳವಾಗಿ ನಡೆಯುತ್ತದೆ. ಮೊದಲು ಮಣ್ಣು, ಗ್ರೀಸು ತೊಳೆದು, ಸುತ್ತಿಗೆಯಿಂದ ಬಡಿದು ಪದರು ಉದುರಿಸಿರಿ. ಬಡಿಯುವಾಗ ಕಿವಿಗೊಡಿರಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತಿಂದುಹೋದದ್ದು ಬೊದ್ದು ಸದ್ದು ಮಾಡುತ್ತದೆ. ಅಂಥಲ್ಲಿ ಮೊನಚು ದಬ್ಬಣ ಒತ್ತಿ ನೋಡಿರಿ. ಇಳಿದರೆ ಅಲ್ಲಿ ಬಣ್ಣದ ಕೆಲಸವಿಲ್ಲ, ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಜಂಗು ತೆಗೆಯುವುದು ಅಂದಕ್ಕಾಗಿ ಮಾತ್ರವಲ್ಲ, ತಪಾಸಣೆಗಾಗಿಯೂ. ಪುಟ್ಟಿ ತುಂಬಿ ಬಣ್ಣ ಬಳಿದ ತೂತು ನಮ್ಮ ಸ್ಲಿಪ್ ಬಾಯ್‌ಗೆ ಕಾಣುವುದಿಲ್ಲ, ಭಾರಕ್ಕೆ ಮಾತ್ರ ಕಾಣುತ್ತದೆ.

ಗ್ರೈಂಡರಿಗೆ ಹಾಕುವ ತಂತಿ ಬ್ರಶ್ಶು ಮೇಲಿನ ಸಡಿಲ ಜಂಗನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಗಟ್ಟಿ ಜಂಗನ್ನು ತಿಕ್ಕಿ ಹೊಳಪಿಸಿ ಬಿಡುತ್ತದೆ. ಕಪ್ಪಗೆ ಮಿನುಗಿದರೆ ಸ್ವಚ್ಛವಾಯಿತೆಂದು ಮೋಸ ಹೋಗಬೇಡಿರಿ. ಅಲ್ಲಿಗೆ 60 ಅಥವಾ 80 ನಂಬರಿನ ಫ್ಲ್ಯಾಪ್ ಡಿಸ್ಕು ಬೇಕು. ಬ್ರಶ್ಶಿನ ತಂತಿ ತುಂಡಾಗಿ ಸೂಜಿಯಂತೆ ಹಾರುತ್ತದೆ. ಕನ್ನಡಕ ಇಲ್ಲದೆ ಗ್ರೈಂಡರ್ ಹಿಡಿಯಬಾರದು. ಡೀಸೆಲ್ ಟ್ಯಾಂಕಿನ ಹತ್ತಿರ ಕಿಡಿ ಹಾರಿಸಬಾರದು.

ಇನ್ನು ಟ್ರ್ಯಾಕ್ಟರಿನ ಬಾನೆಟ್, ಮಡ್‌ಗಾರ್ಡ್, ಜೀಪಿನ ಬಾಗಿಲು. ಇವು ತೆಳು ತಗಡು. ಕಾರು, ಜೀಪುಗಳ ಮೈತಗಡು ಸುಮಾರು 0.7ರಿಂದ 1 ಮಿ.ಮೀ. ಮಾತ್ರ. ಇದಕ್ಕೆ ಫ್ಲ್ಯಾಪ್ ಡಿಸ್ಕು ಹಿಡಿದರೆ ಜಂಗಿನ ಜೊತೆ ತಗಡೂ ಹೋಗುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಕಾದು ಡೊಂಕಾಗುತ್ತದೆ. ಹೆಚ್ಚಿನ ಒತ್ತಡದ ಮರಳುಗಾಳಿಯೂ, ಅಂದರೆ ಸ್ಯಾಂಡ್ ಬ್ಲಾಸ್ಟಿಂಗ್ ಕೂಡ, ಇಂಥ ತಗಡಿಗೆ ಸಲ್ಲದು. ಪ್ರತಿಯೊಂದು ಕಣವೂ ಚಿಕ್ಕ ಸುತ್ತಿಗೆಯಂತೆ ಬಡಿದು ತಗಡಿನ ಒಂದು ಮೈಯನ್ನು ಹಿಗ್ಗಿಸುತ್ತದೆ. ಬಾನೆಟ್ ಹಪ್ಪಳದಂತೆ ಅಲೆಯಲೆಯಾಗಿ ಹಿಂತಿರುಗಿ ಬರುತ್ತದೆ. ಒಮ್ಮೆ ಹಿಗ್ಗಿದ ತಗಡನ್ನು ಮತ್ತೆ ಸಮ ಮಾಡುವ ಡೆಂಟರ್ ಸಿಗುವುದು ಕಷ್ಟ, ಸಿಕ್ಕರೂ ಖರ್ಚು ಬಹಳ.

ಮರಳಿನ ಮಾತು ಬಂದಿತು. ಇನ್ನೊಂದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ನದಿಯ ಮರಳು ಹೊಡೆದಾಗ ಒಡೆದು ಕಣ್ಣಿಗೆ ಕಾಣದ ಸಿಲಿಕಾ ಧೂಳಾಗುತ್ತದೆ. ಅದು ಪುಪ್ಪುಸದಲ್ಲಿ ಕುಳಿತು ಸಿಲಿಕೋಸಿಸ್ ತರುತ್ತದೆ. ಈ ರೋಗಕ್ಕೆ ಗುಣವಿಲ್ಲ. 1948ರ ಕಾರ್ಖಾನೆ ಕಾಯದೆಯೇ ಇದನ್ನು ಅಧಿಸೂಚಿತ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಇಂಥ ಮರಳು ಹೊಡೆಯುವುದನ್ನು 1949ರ ನಿಯಮದಿಂದಲೇ ನಿಲ್ಲಿಸಿದರು. ನಮ್ಮಲ್ಲಿ ಇಂದಿಗೂ ಹೆದ್ದಾರಿಯ ಬದಿಯ ಶೆಡ್ಡಿನಲ್ಲಿ ಹುಡುಗನೊಬ್ಬ ಬಾಯಿಗೆ ಟವಲ್ಲು ಸುತ್ತಿಕೊಂಡು ಮರಳು ಹೊಡೆಯುತ್ತಿರುತ್ತಾನೆ. ಟವಲ್ಲು ಆ ಧೂಳನ್ನು ತಡೆಯುವುದಿಲ್ಲ. ಚಾಸಿಗೆ ಬ್ಲಾಸ್ಟಿಂಗ್ ಮಾಡಿಸಲೇಬೇಕೆಂದರೆ ಮರಳು ಬಿಟ್ಟು ತಾಮ್ರದ ಕಿಟ್ಟ ಅಥವಾ ಉಕ್ಕಿನ ಕಾಳು ಬಳಸುವ, ಗಾಳಿ ಕೊಡುವ ಟೋಪಿ ಇಟ್ಟುಕೊಂಡಿರುವ ಕಡೆಗೆ ಒಯ್ಯಿರಿ. ನಾಲ್ಕು ಕಾಸು ಉಳಿಸಲು ಒಬ್ಬರ ಮನೆಯ ಮಗನ ಉಸಿರು ಕಳೆಯುವುದು ಬೇಡ.

ತೆಳು ತಗಡಿನ ಬಣ್ಣಕ್ಕೆ ಪೇಂಟ್ ರಿಮೂವರ್ ಒಳ್ಳೆಯದು. ದಪ್ಪಗೆ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಣ್ಣ ಸುಕ್ಕುಗಟ್ಟಿದ ಮೇಲೆ ಮೊಂಡು ಪಟ್ಟಿಯಿಂದ ಹೆರೆಯಿರಿ. ಇಂಥ ಹಲವು ಡಬ್ಬಿಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಅದರ ಆವಿ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಿ ಸತ್ತವರಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಇದಿರುವ ಪೇಂಟ್ ರಿಮೂವರನ್ನು ಸಾಮಾನ್ಯ ಗಿರಾಕಿಗಳಿಗೆ ಮಾರುವುದನ್ನೇ ನಿಷೇಧಿಸಿದರು. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ರಬ್ಬರ್ ಕೈಚೀಲ ಹಾಕಿಕೊಂಡು ಮಾಡಿರಿ. ಕಾಸ್ಟಿಕ್ ಸೋಡಾ ಅಗ್ಗ, ಹಳೆಯ ಎನಾಮಲನ್ನು ತೆಗೆಯುತ್ತದೆ. ಆದರೆ ಅಲ್ಯೂಮಿನಿಯಂ ಭಾಗಕ್ಕೆ ತಾಗಿದರೆ ಅದನ್ನು ಕರಗಿಸಿ ಬಿಡುತ್ತದೆ, ಸಂದಿಯಲ್ಲಿ ಉಳಿದರೆ ಹೊಸ ಬಣ್ಣವನ್ನು ಎಬ್ಬಿಸುತ್ತದೆ.

ಬಣ್ಣ ಹೋದ ಮೇಲೆ ಉಳಿಯುವ ಜಂಗಿಗೆ ಕಬ್ಬಿನವರಾದ ನಮಗೆ ನಮ್ಮದೇ ಒಂದು ಔಷಧವಿದೆ. ಮಳಿ, ಎಂದರೆ ಮೊಲಾಸಿಸ್. ಒಂದು ಪಾಲು ಮಳಿಗೆ ಒಂಬತ್ತು ಪಾಲು ನೀರು ಸೇರಿಸಿ, ಪ್ಲಾಸ್ಟಿಕ್ ಬ್ಯಾರಲ್ಲಿನಲ್ಲಿ ಜಂಗು ಹಿಡಿದ ಭಾಗವನ್ನು ಪೂರ್ತಿ ಮುಳುಗಿಸಿಡುವುದು. ವಾರ, ಎರಡು ವಾರದಲ್ಲಿ ಜಂಗು ಸಡಿಲಾಗಿ ಬ್ರಶ್ಶಿಗೆ ಬರುತ್ತದೆ. ಗ್ರೈಂಡರ್ ಮುಟ್ಟದ ಮೂಲೆ ಮಡಿಕೆಗಳೂ ಸ್ವಚ್ಛವಾಗುತ್ತವೆ. ತಗಡು ತೆಳ್ಳಗಾಗುವ ಭಯ ಕಡಿಮೆ. ಬಣ್ಣವನ್ನು, ಗ್ರೀಸನ್ನು ಇದು ತೆಗೆಯುವುದಿಲ್ಲ, ಅದನ್ನು ಮೊದಲೇ ತೆಗೆದಿರಬೇಕು. ಅಲ್ಯೂಮಿನಿಯಂ, ಸತುವಿನ ಲೇಪದ ಭಾಗಗಳನ್ನು ಇದರಲ್ಲಿ ಹಾಕಬಾರದು. ವಾಸನೆಯಂತೂ ಕೇಳಬೇಡಿರಿ, ಮನೆಯ ಹಿತ್ತಲಿನಲ್ಲಿ ಇಟ್ಟರೆ ಮನೆಯವರು ನಮ್ಮನ್ನೇ ಹೊರಗೆ ಹಾಕಿಯಾರು. ಆದರೆ ಮಳಿ ಅಬಕಾರಿ ನಿಯಂತ್ರಣದ ಪದಾರ್ಥ. ಕೊಡ ಹಿಡಿದು ಕಾರ್ಖಾನೆಯ ಟಾಕಿಗೆ ಬರಬೇಡಿರಿ, ನಾನೂ ಕೊಡಲಾರೆ. ಆಲೆಮನೆಯ ಕಪ್ಪು ಕಾಕಂಬಿ ಸಿಕ್ಕರೆ ಮೊದಲು ಒಂದು ಚಿಕ್ಕ ತುಂಡನ್ನು ಅದರಲ್ಲಿ ನೆನೆಸಿ ನೋಡಿರಿ.

ಮುಳುಗಿಸಲಾಗದ ದೊಡ್ಡ ತಗಡಿನ ಗುಂಡಿಗಳಿಗೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ರಿಮೂವರ್ ಸವರಬಹುದು. ಅದು ಉಳಿದ ಜಂಗನ್ನು ಕಬ್ಬಿಣದ ಫಾಸ್ಫೇಟ್ ಮಾಡಿ ಬಿಡುತ್ತದೆ. ಸಂಡಾಸು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಮಾತ್ರ ಬೇಡ. ಜಂಗು ಬೇಗ ಹೋಗುತ್ತದೆ ನಿಜ, ಆದರೆ ಸಂದಿಯಲ್ಲಿ ಉಳಿದ ಆಮ್ಲ ತಿಂಗಳೊಳಗೆ ಹೊಸ ಜಂಗು ಹುಟ್ಟಿಸುತ್ತದೆ. ಹುಕ್ಕಿನ ಪಿನ್ನು, ಪಾಟಾ ಸ್ಪ್ರಿಂಗು, ಹೆಚ್ಚು ಬಲದ ಬೋಲ್ಟುಗಳನ್ನು ಯಾವ ಆಮ್ಲದಲ್ಲಿಯೂ ಅದ್ದಬಾರದು. ಆಮ್ಲದಿಂದ ಹುಟ್ಟುವ ಜಲಜನಕ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ; ಹೊರಗೆ ಹೊಳೆಯುವ ಪಿನ್ನು ಭಾರ ಬಿದ್ದಾಗ ಗಾಜಿನಂತೆ ಮುರಿಯುತ್ತದೆ.

ಹೆರೆದ ಬಣ್ಣದ ಪುಡಿಯನ್ನು ಕೊಟ್ಟಿಗೆಯ ಹತ್ತಿರ ಬೀಳಿಸಬೇಡಿರಿ. ಹಳೆಯ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುವುದು ಹೆಚ್ಚು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿತು, ಆದರೆ ಅದು ಗೃಹೋಪಯೋಗಿ ಬಣ್ಣಗಳಿಗಾಗಿ ಮಾಡಿದ್ದು. ದನಕರುಗಳಿಗೆ ಬಣ್ಣದ ಚಕ್ಕೆ ನೆಕ್ಕುವ ಚಟ ಇರುತ್ತದೆ. ಸೀಸದ ವಿಷ ಏರಿದರೆ ಕರು ಕುರುಡಾಗಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಕೆಳಗೆ ತಾಡಪತ್ರಿ ಹಾಸಿರಿ, ಪಾಲಿಶ್ ಕಾಗದವನ್ನು ನೀರಿನಲ್ಲಿ ಅದ್ದಿ ತಿಕ್ಕಿರಿ. ಪುಡಿಯನ್ನು ಡಬ್ಬಿಯಲ್ಲಿ ಕಟ್ಟಿಡಿರಿ, ಸುಡಬೇಡಿರಿ. ಮಕ್ಕಳನ್ನು ದೂರವಿಡಿರಿ.

ಬರಿಯ ಕಬ್ಬಿಣ ಒಂದು ರಾತ್ರಿಯೂ ಹಾಗೇ ಇರಬಾರದು. ಒಣಗಿಸಿ, ಥಿನ್ನರ್ ಅರಿವೆಯಿಂದ ಒರೆಸಿ, ಬರಿಗೈ ಮುಟ್ಟಿಸದೆ ಅದೇ ದಿನ ಪ್ರೈಮರ್ ಕೊಡಬೇಕು. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬಳಿಯಬಲ್ಲಿರೋ ಅಷ್ಟನ್ನೇ ಹೆರೆಯಿರಿ. ನಾವು ಬಳಿಯುವ ರೆಡ್ ಆಕ್ಸೈಡಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ, ಜಂಗಿನ ಬಂಧುವೇ! ಸಡಿಲ ಜಂಗಿನ ಮೇಲೆ ಅದನ್ನು ಬಳಿದರೆ ಜಂಗು ನಿಲ್ಲುವುದಿಲ್ಲ.

ನೋಂದಣಿಗೆ ಟ್ರಾಲಿ ತರುವಾಗ ಡ್ರಾಬಾರ್ ಮತ್ತು ಹುಕ್ಕಿನ ಬೆಸುಗೆಗೆ ಪ್ರೈಮರ್ ಮಾತ್ರ ಇರಲಿ, ಬಣ್ಣ ಆಮೇಲೆ ಬಳಿಯಿರಿ. ನಮ್ಮವರು ಸುತ್ತಿಗೆ ಹಿಡಿದು ಅಲ್ಲಿಯೇ ಮೊದಲು ಬಡಿದು ನೋಡುತ್ತಾರೆ.