ಕೊಳ್ಳುವ ಮೊದಲು ಮನೆ ನೋಡಿ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ್ದಾರೆ. ಕಟ್ಟಿದ ಮನೆಯನ್ನು ಕೊಳ್ಳುವವರ ಬಗ್ಗೆ ಮಾತ್ರ ಅವರು ಏನೂ ಹೇಳಿಲ್ಲ. ಎತ್ತು ಕೊಳ್ಳುವಾಗ ನಮ್ಮ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ರೈತ ಜೀವಮಾನದ ಗಳಿಕೆ ಹಾಕಿ ಮನೆ ಕೊಳ್ಳುವಾಗ ಬಣ್ಣ ನೋಡುತ್ತಾನೆ, ಚಹಾ ಕುಡಿಯುತ್ತಾನೆ, ಇಸಾರ ಕೊಟ್ಟು ಎದ್ದು ಬರುತ್ತಾನೆ.

ನಾನು ಇಂಜಿನಿಯರನಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಕಾರಕೂನನಾಗಿ ದುಡಿದವನು. ಮನೆ ಅಡವಿಟ್ಟು ಸಾಲ ಕೇಳಿದವರ ಊರಿಗೆ ಸಾಹೇಬರು ತಪಾಸಣೆಗೆ ಹೋಗುವಾಗ, ಟೇಪಿನ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದೊಯ್ಯುತ್ತಿದ್ದರು. ಹೀಗೆ ಸೊಲ್ಲಾಪುರದ ಪೇಠೆಗಳಿಂದ ಹಿಡಿದು ಅಕ್ಕಲಕೋಟ ತಾಲೂಕಿನ ನಾಗಣಸೂರ, ಮೈಂದರ್ಗಿ, ದುಧನಿಗಳವರೆಗೆ ನೂರಾರು ಮನೆಗಳ ಒಳಹೊರಗು ಕಂಡೆ. ನಿವೃತ್ತನಾದ ಮೇಲೆ ಪರಿಚಯದವರು 'ಕಾಕಾ, ಒಂದು ಮನಿ ನೋಡೋದದ, ಬರ್ರಿ' ಎಂದು ಕರೆಯತೊಡಗಿದರು. ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಕಾಣದ್ದಕ್ಕೆ ಇಂಜಿನಿಯರ್ ಬಳಿ ಕಳಿಸುತ್ತೇನೆ. ಆ ಅನುಭವದ ನಾಲ್ಕು ಮಾತುಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಮಾಳಿಗೆಯ ಮಾತು. ನಮ್ಮ ಭಾಗದ ಹಳೆಯ ಮನೆ ಎಂದರೆ ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಬಿಳಿಮಣ್ಣಿನ ಹಾಸು. ಬೇಸಿಗೆಯಲ್ಲಿ ಅಂಥ ತಂಪು ಮನೆ ಬೇರಿಲ್ಲ. ಆದರೆ ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುವುದು ನಮ್ಮ ರೂಢಿ. ಹಳೆಯದನ್ನು ತೆಗೆಯುವವರಿಲ್ಲ. ಅಜ್ಜ ಹಾಕಿದ್ದು ಒಂದು ಗೇಣು ಇದ್ದರೆ ಮೊಮ್ಮಗನ ಕಾಲಕ್ಕೆ ಅದು ಮೊಳವಾಗಿರುತ್ತದೆ.

ಒಂದು ಹಳ್ಳಿಯಲ್ಲಿ ಮಗ ಹಳೆಯ ಮಾಳಿಗೆಯ ಮೇಲೆಯೇ ಸ್ಲ್ಯಾಬಿನ ಕೋಣೆ ಏರಿಸಲು ಹೊರಟಿದ್ದ. ನಾನು ಬೇಡವೆಂದೆ. ತಂದೆ ಸಿಟ್ಟಾದರು. 'ನಮ್ಮ ಅಜ್ಜ ಕಟ್ಟಿದ ಮನಿ, ಇಷ್ಟು ವರ್ಷ ನಿಂತದ. ಇನ್ನ ನಿಲ್ಲಂಗಿಲ್ಲೇನ್ರಿ?' ಎಂದರು. ನಾನು ವಾದಿಸಲಿಲ್ಲ. ಕಾಗದದ ಮೇಲೆ ಲೆಕ್ಕ ಬರೆದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ. ಮೇಲೆ ಒಂದು ಅಡಿ ಮಣ್ಣು. ಅಂದರೆ 100 ಘನ ಅಡಿ. ಬಡಿದು ಕೂಡಿಸಿದ ಒಣ ಮಣ್ಣು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಒಟ್ಟು 45 ಕ್ವಿಂಟಲ್. 'ಯಜಮಾನ್ರ, 50 ಕಿಲೋದ ತೊಂಬತ್ತು ಸಿಮೆಂಟ್ ಚೀಲ ನಿಮ್ಮ ತಲಿ ಮ್ಯಾಲ ಪೇರಿಸಿಟ್ಟು ದಿನಾ ರಾತ್ರಿ ಕೆಳಗ ಮಲಗೀರಿ' ಎಂದೆ. ಮಳೆಯಲ್ಲಿ ನೆನೆದರೆ ತೂಕ ಇನ್ನೂ ಹೆಚ್ಚು. ಅವರು ಬಹಳ ಹೊತ್ತು ಮೇಲೆ ನೋಡುತ್ತ ಕುಳಿತರು. ಮುಂದಿನ ವಾರ ಟ್ರ್ಯಾಕ್ಟರ್ ಕರೆಸಿ ಮಣ್ಣು ಇಳಿಸಿದರು. ಒಂದು ಗೇಣಿನಷ್ಟು ಮಾತ್ರ ಉಳಿಸಿ, ನಡುವೆ ನೀರು ಇಳಿಯದಂತೆ ದಪ್ಪ ಪ್ಲಾಸ್ಟಿಕ್ ಹಾಸಿದರು. ಮಗನ ಕೋಣೆ ಹಿತ್ತಲಲ್ಲಿ ಬೇರೆ ಪಾಯದ ಮೇಲೆ ಎದ್ದಿತು.

ಈ ಲೆಕ್ಕ ನನಗೆ ಪುಸ್ತಕದಿಂದ ಬಂದದ್ದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಅನಂತ ಚತುರ್ದಶಿಯ ಗಣಪತಿ ಕಳಿಸಿ ಜನ ದಣಿದು ಮಲಗಿದ್ದಾಗ, ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸಮಯ ನಾಲ್ಕು ಗಂಟೆಗೆ ನಾಲ್ಕು ನಿಮಿಷ ಕಡಿಮೆ. ಆ ಊರು ಅಕ್ಕಲಕೋಟದಿಂದ ಬಹಳ ದೂರದ್ದಲ್ಲ. ಆಗ ಅದು ಭೂಕಂಪದ ಭಯ ಅತಿ ಕಡಿಮೆ ಇರುವ ವಲಯವೆಂದು ನಕ್ಷೆಯಲ್ಲಿತ್ತು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನ ಸತ್ತರು. ನಂತರ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಕಂಪನ ಮಧ್ಯಮ ಪ್ರಮಾಣದ್ದು, 6ಕ್ಕಿಂತ ತುಸು ಹೆಚ್ಚು. ಕೊಂದದ್ದು ನಮ್ಮದೇ ಬಗೆಯ ಮನೆಗಳು, ಅಂದರೆ ತಲೆಯ ಮೇಲಿನ ಮಣ್ಣು ಮತ್ತು ಬಿಡಿಬಿಡಿ ಕಲ್ಲಿನ ಗೋಡೆ. ಕಂಬ ತೊಲೆಗಳು ಗಟ್ಟಿಯಾಗಿ ಕೂಡಿದ್ದ ಎಷ್ಟೋ ಕಡೆ ಗೋಡೆ ಬಿದ್ದರೂ ಮಾಳಿಗೆ ನಿಂತಿತ್ತು.

ಆದ್ದರಿಂದ ಎರಡನೆಯ ಮಾತು ಗೋಡೆಯದು. ದಪ್ಪ ಗೋಡೆ ಎಂದರೆ ಗಟ್ಟಿ ಗೋಡೆ ಎಂದು ತಿಳಿಯಬೇಡಿ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಹರಳು ಮಣ್ಣು ತುಂಬಿದ ಗೋಡೆಯಲ್ಲಿ ಎರಡೂ ಸಾಲನ್ನು ಹಿಡಿದಿಡುವ ಉದ್ದನೆಯ ಆರಪಾರ ಕಲ್ಲುಗಳಿರಬೇಕು. ಇಲ್ಲದಿದ್ದರೆ ಗೋಡೆ ಹೊಟ್ಟೆ ಬಿಡುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಡಿ, ಉಬ್ಬು ತಾನೇ ಕಾಣುತ್ತದೆ. 2020ರ ಅಕ್ಟೋಬರ್ ಮಳೆಯಲ್ಲಿ ಪಂಢರಪುರದ ಘಾಟಿನ ಬಳಿ ಗೋಡೆ ಕುಸಿದು ಆರು ಜನ ತೀರಿಕೊಂಡರು. ನೆನೆದ ಗೋಡೆಯ ಮಗ್ಗುಲಿಗೆ ಮಕ್ಕಳನ್ನು ಮಲಗಿಸಬೇಡಿ.

ಇನ್ನು ಬಿರುಕು. ನಮ್ಮದು ಎರಿ ನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಪಾಯವನ್ನು ಮುರುಮಿನವರೆಗೆ ಇಳಿಸದಿದ್ದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಏಳುತ್ತದೆ. ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ತಿಳಿಯಲು ಅದರ ಅಡ್ಡಕ್ಕೆ ಗಾಜಿನ ಚೂರು ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಕೆಲವು ತಿಂಗಳಲ್ಲಿ ಗಾಜು ಒಡೆದರೆ ಬಿರುಕು ಜೀವಂತ ಇದೆ ಎಂದರ್ಥ. ಅಂಥದ್ದಕ್ಕೆ ಗಿಲಾವು ಮಾಡಿ ಮುಚ್ಚುವುದು ಹುಣ್ಣಿನ ಮೇಲೆ ಪೌಡರ್ ಹಚ್ಚಿದ ಹಾಗೆ. ಸ್ಲ್ಯಾಬಿನ ಮನೆಯಾದರೆ ಕೆಳಗೆ ನಿಂತು ಬ್ಯಾಟರಿ ಬಿಟ್ಟು ನೋಡಿ. ಕಂದು ಗೆರೆ ಮೂಡಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿದೆ.

ಮೂರನೆಯದು ನೀರು. ಸೊಲ್ಲಾಪುರದಲ್ಲಿ ಬೀಡಿ ಕಟ್ಟಿ ಹಣ ಕೂಡಿಸಿದ ತಾಯಿಯೊಬ್ಬಳು ಎರಡು ಕೋಣೆಯ ಮನೆ ಕೊಳ್ಳಲು ಹೊರಟಿದ್ದಳು. ಹೊಸ ಬಣ್ಣ, ಒಂದೇ ಗೋಡೆಗೆ ಸೊಂಟದವರೆಗೆ ಹೊಸ ಟೈಲ್ಸ್. ಒಂದೇ ಗೋಡೆಗೆ ಏಕೆ? ಟೈಲ್ಸಿನ ಮೇಲ್ಭಾಗಕ್ಕೆ ಅಂಗೈ ಇಟ್ಟೆ, ತಣ್ಣಗಿತ್ತು. ನಾಣ್ಯದಿಂದ ಬಡಿದೆ, ಪೊಳ್ಳು ಸದ್ದು. ಮಾರುವವರು 'ಮಳಿಗಾಲದ ಹಸಿ, ಒಣಗತದ' ಎಂದರು. ಆಗ ಏಪ್ರಿಲ್ ತಿಂಗಳು! ಗೋಡೆಯಾಚೆ ನೆರೆಮನೆಯ ಬಚ್ಚಲು ಇತ್ತು. ಆಕೆ ಬದಿಗೆ ಕರೆದು 'ಅಣ್ಣಾ, ತಗೋಲ್ಯೋ ಬ್ಯಾಡೋ?' ಎಂದು ಕೇಳಿದಳು. ತೆಗೆದುಕೊಳ್ಳುವುದು ಬಿಡುವುದು ನಿನ್ನ ಇಷ್ಟ ತಂಗಿ, ಗೌಂಡಿಯನ್ನು ಕರೆಸಿ ಖರ್ಚು ಕೇಳು, ಅಷ್ಟನ್ನು ಬೆಲೆಯಲ್ಲಿ ಇಳಿಸು, ನೆರೆಯವರು ಬಚ್ಚಲು ಸರಿಪಡಿಸಲು ಒಪ್ಪಿದ ಮೇಲೆಯೇ ಇಸಾರ ಕೊಡು ಎಂದೆ. ಆಕೆ ಹಾಗೆಯೇ ಮಾಡಿದಳು. ಇಂದು ಅದೇ ಮನೆಯಲ್ಲಿ ಇದ್ದಾಳೆ.

ನಾಲ್ಕನೆಯದು ಕಾಗದ. ಗೋಡೆ ಗಟ್ಟಿ ಇದ್ದು ಕಾಗದ ಪೊಳ್ಳಾದರೂ ಮನೆ ಬಿದ್ದಂತೆಯೇ. ಗ್ರಾಮಪಂಚಾಯತಿಯ 8ನೇ ನಮೂನೆಯ ಉತಾರ ಮನೆಪಟ್ಟಿ ಆಕಾರಣಿಗಾಗಿ ಇರುವುದು. ಅದೊಂದರಿಂದಲೇ ಮಾಲಕಿ ಹಕ್ಕು ಸಿದ್ಧವಾಗುವುದಿಲ್ಲ. ಹಳೆಯ ಖರೀದಿಪತ್ರ ನೋಡಿ, ಪ್ರಾಪರ್ಟಿ ಕಾರ್ಡ್ ಇದ್ದರೆ ನೋಡಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಯಾರ ಸಹಿ ಬೇಕೆಂದು ವಕೀಲರಲ್ಲಿ ಕೇಳಿ. ಗಡಿಯಾಚೆ ಆಳಂದ, ಇಂಡಿ, ಅಫಜಲಪುರದ ಕಡೆ ಕೊಳ್ಳುವವರು ಅಲ್ಲಿ 9 ಮತ್ತು 11ನೇ ನಮೂನೆ ಕೇಳಬೇಕು. ಇಲ್ಲಿಯ ಕಾಗದದ ಹೆಸರು ಅಲ್ಲಿ ನಡೆಯದು. ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ಒಂದು ಅನುಕೂಲವಿದೆ. 2016ರ ರೇರಾ ಕಾಯ್ದೆಯಂತೆ ತಾಬಾ ಸಿಕ್ಕ ದಿನದಿಂದ ಐದು ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ 30 ದಿನಗಳಲ್ಲಿ ಪುಕ್ಕಟೆ ಸರಿಪಡಿಸಬೇಕು. ದೂರನ್ನು ಬಾಯಿಮಾತಿನಲ್ಲಿ ಹೇಳಬೇಡಿ, ಬರೆದು ಕೊಟ್ಟು ಪೋಚ ಪಡೆಯಿರಿ.

ಕೊನೆಗೆ, ಮನೆ ನೋಡಲು ಹೋಗುವ ನನ್ನಂಥವರಿಗೂ ಒಂದು ಮಾತು. ಕೊಳ್ಳುವವರ ಪರವಾಗಿ ಹೋದ ಮೇಲೆ ಮಾರುವವರಿಂದ ಚಹಾದ ಹೊರತು ಏನೂ ಮುಟ್ಟಬಾರದು. ದೋಷವನ್ನು ಓಣಿಯ ಜನರ ಮುಂದೆ ಸಾರಬಾರದು. ಅದು ಕೂಡ ಒಬ್ಬರು ಬಾಳಿದ ಮನೆ. ಆದರೆ ಕೇಳಿದವರಿಗೆ ಮರೆಮಾಚದೆ ಹೇಳಬೇಕು.

ಮಿರಗದ ಮಳೆಗೆ ಮುಂಚೆ ಒಂದು ಸಂಜೆ ನಿಮ್ಮದೇ ಮನೆಯ ಮಾಳಿಗೆ ಹತ್ತಿ. ಮಣ್ಣು ಎಷ್ಟಿದೆ ಅಳೆಯಿರಿ, ನೀರು ಹೋಗುವ ದೋಣಿಯ ಬಾಯಿ ಬಿಡಿಸಿ, ಜಂತಿಗೆ ಒರಲಿ ಹತ್ತಿದೆಯೇ ಎಂದು ಮೊಳೆಯಿಂದ ಚುಚ್ಚಿ ನೋಡಿ. ಇದಕ್ಕೆ ಖರ್ಚಿಲ್ಲ, ಒಂದು ತಾಸಿನ ಕೆಲಸ.